ಜೇನ್ ಆಸ್ಟೆನ್ ಏನು ಓದುತ್ತಿದ್ದಳು, ಹೇಗೆ ಓದುತ್ತಿದ್ದಳು? ಪದೇ ಪದೇ ಕೇಳುವ ಪ್ರಶ್ನೆಗಳು

ಜೇನ್ ಆಸ್ಟೆನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ. ತೀರಿಕೊಂಡಿದ್ದು 1817ರ ಜುಲೈ 18ರಂದು. ಆಗಿನ್ನೂ 41 ವರ್ಷ. ಅವಳ ಆರು ಕಾದಂಬರಿಗಳ ಬಗ್ಗೆ ಮಾತಾಡುವವರು ತುಂಬಾ ಜನ ಇದ್ದಾರೆ. ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಅವಳ ಕಾಗದಗಳು. ಅದರಲ್ಲೂ ಯಾವ ಪುಸ್ತಕ ಬಂತು, ಯಾರು ಓದಿದರು, ಯಾವುದು ಸೇರಲಿಲ್ಲ ಅಂತ ಅಕ್ಕನಿಗೆ ಬರೆಯುವ ಆ ಸಾಲುಗಳು. ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ‘ಅವಳು’ ಅಂತ ಏಕವಚನದಲ್ಲೇ ಬರೆದಿದ್ದೇನೆ. ಇಷ್ಟು ವರ್ಷ ಜೊತೆಗಿದ್ದವಳನ್ನು ಬೇರೆ ಥರ ಕರೆಯೋಕೆ ಮನಸ್ಸು ಬರಲ್ಲ.

200 ವರ್ಷ ಹಿಂದಿನವಳ ಓದಿನ ಬಗ್ಗೆ ನಮಗೆ ಗೊತ್ತಾಗಿದ್ದು ಹೇಗೆ?

ಮುಖ್ಯವಾಗಿ ಅವಳ ಕಾಗದಗಳಿಂದ. ಸುಮಾರು 160 ಉಳಿದಿವೆ. ಹೆಚ್ಚಿನವು ಅಕ್ಕ ಕಸಾಂಡ್ರಾಗೆ ಬರೆದವು. ಕಸಾಂಡ್ರಾ 1845ರಲ್ಲಿ ತೀರಿಕೊಂಡಳು. ಅದಕ್ಕೆ ಎರಡು ಮೂರು ವರ್ಷ ಮೊದಲು ಅವಳೇ ಕೂತು ತಂಗಿಯ ಕಾಗದಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿದಳು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಆದರೆ ಉಳಿಸಿದವಳೂ ಅವಳೇ ಅಲ್ವಾ.

ಅಣ್ಣ ಹೆನ್ರಿ 1817ರ ಕೊನೆಯಲ್ಲಿ ತಂಗಿಯ ಬಗ್ಗೆ ನಾಲ್ಕು ಮಾತು ಬರೆದ. ಅಣ್ಣ ಜೇಮ್ಸನ ಮಕ್ಕಳು ಎಡ್ವರ್ಡ್ ಮತ್ತು ಕ್ಯಾರೊಲಿನ್ ಎಷ್ಟೋ ವರ್ಷ ಆದಮೇಲೆ ಅತ್ತೆಯ ನೆನಪುಗಳನ್ನು ಬರೆದಿಟ್ಟರು. ಇವೆಲ್ಲದರ ಜೊತೆಗೆ ಪುಸ್ತಕಗಳ ಅಂಚಿನಲ್ಲಿ ಅವಳೇ ಗೀಚಿದ ಟಿಪ್ಪಣಿಗಳಿವೆ. ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಮನೆಯಲ್ಲಿ ಎಷ್ಟು ಪುಸ್ತಕ ಇದ್ದವು?

500ಕ್ಕೂ ಜಾಸ್ತಿ. ಅಪ್ಪ ಜಾರ್ಜ್ ಆಸ್ಟೆನ್ ಊರಿನ ಪಾದ್ರಿ. ಮನೆಯಲ್ಲೇ ಹುಡುಗರನ್ನು ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಜೇನ್ ಶಾಲೆಗೆ ಹೋಗಿದ್ದು ಸ್ವಲ್ಪ ಕಾಲ ಮಾತ್ರ. 1786ರ ಕೊನೆಗೆ, 11ನೇ ವಯಸ್ಸಿಗೆ, ಅವಳ ಶಾಲೆ ಮುಗಿಯಿತು. ಆಮೇಲೆ ಕಲಿತಿದ್ದೆಲ್ಲ ಅಪ್ಪನ ಕಪಾಟಿನಿಂದ, ಮನೆಮಂದಿಯ ಮಾತಿನಿಂದ.

1800ರ ಕೊನೆಯಲ್ಲಿ ಅಪ್ಪ ಕೆಲಸ ಬಿಟ್ಟು ಬಾತ್ ಪಟ್ಟಣಕ್ಕೆ ಹೋಗಿ ನೆಲೆಸಲು ತೀರ್ಮಾನ ಮಾಡಿದರು. ಆಗ ಆ ಪುಸ್ತಕಗಳನ್ನೆಲ್ಲ ಮಾರಬೇಕಾಯಿತು. ಬೆಲೆ ಕಟ್ಟಲು ಬಂದವನು ಎಲ್ಲಕ್ಕೂ ಸೇರಿ ಬರೀ 70 ಪೌಂಡ್ ಅಂದ. ಜೇನ್‌ಗೆ ಸಿಟ್ಟು ಬಂತು, ಕಾಗದದಲ್ಲಿ ಅದನ್ನು ಮುಚ್ಚಿಡಲಿಲ್ಲ. ಅವಳ ಪಿಯಾನೊ ಸಹ ಮಾರಾಟವಾಯಿತು. ಡಾಡ್‌ಸ್ಲಿ ಅನ್ನುವವನು ಸೇರಿಸಿದ ಕವಿತೆಗಳ ಸಂಕಲನಕ್ಕೆ 10 ಷಿಲಿಂಗ್ ಸಿಕ್ಕಿತ್ತು. ಅಷ್ಟು ಸಿಗುವುದಾದರೆ ಎಷ್ಟು ಸಲ ಬೇಕಾದರೂ ಮಾರುತ್ತೇನೆ ಅಂತ ಬರೆದಳು. ಆ ಸಾಲು ಓದುವಾಗ ನನಗೆ ನಗು ಬರಲ್ಲ. 25 ವರ್ಷ ಬೆಳೆದ ಮನೆ, ಓದಿ ಓದಿ ಬಾಯಿಪಾಠ ಆಗಿದ್ದ ಪುಸ್ತಕಗಳು, ನುಡಿಸುತ್ತಿದ್ದ ಪಿಯಾನೊ ಎಲ್ಲ ಒಂದೇ ಏಟಿಗೆ ಹೋಗುತ್ತಿವೆ, ಅವಳು ಲೆಕ್ಕ ಬರೆಯುತ್ತಾ ಕೂತಿದ್ದಾಳೆ.

ಆಗ ಹೆಣ್ಣುಮಕ್ಕಳು ಕಾದಂಬರಿ ಓದಬಾರದು ಅಂತಿತ್ತಲ್ಲ? ಅವಳು ಕದ್ದು ಓದುತ್ತಿದ್ದಳಾ?

ಇಲ್ಲ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಅವಳು ಬಾಗಿಲು ಕಿರ್ ಅಂದ ಕೂಡಲೇ ಬರೆದ ಹಾಳೆ ಮುಚ್ಚಿಡುತ್ತಿದ್ದಳು ಅಂತ ಅಣ್ಣನ ಮಗ ಎಡ್ವರ್ಡ್ ಬರೆದ ಕಥೆ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಅದು ಬರವಣಿಗೆಯ ಮಾತು. ಓದಿನಲ್ಲಿ ಮುಚ್ಚುಮರೆ ಇರಲಿಲ್ಲ.

ಕಾದಂಬರಿ ಓದಿದರೆ ಹುಡುಗಿಯರು ಕೆಡುತ್ತಾರೆ ಅನ್ನುವ ಮಾತು ಆ ಕಾಲದಲ್ಲಿ ಇದ್ದೇ ಇತ್ತು. ಓದುವವರೂ ಓದಲ್ಲ ಅನ್ನುತ್ತಿದ್ದರು. 1798ರ ಡಿಸೆಂಬರ್‌ನಲ್ಲಿ ಮಾರ್ಟಿನ್ ಎಂಬ ಹೆಂಗಸು ಹತ್ತಿರದಲ್ಲೇ ಒಂದು ಚಂದಾ ಲೈಬ್ರರಿ ತೆರೆಯುತ್ತೇನೆ, ಸದಸ್ಯೆ ಆಗಿ ಅಂತ ಜೇನ್‌ಗೆ ಚೀಟಿ ಕಳಿಸಿದಳು. ನಮ್ಮಲ್ಲಿ ಬರೀ ಕಾದಂಬರಿ ಅಲ್ಲ, ಎಲ್ಲ ಬಗೆಯ ಸಾಹಿತ್ಯವೂ ಇರುತ್ತದೆ ಅಂತ ಅದರಲ್ಲಿ ಭರವಸೆ ಬೇರೆ. ಜೇನ್ ಅಕ್ಕನಿಗೆ ಬರೆದಿದ್ದು ಇಷ್ಟು: ನಮ್ಮ ಮನೆಗೆ ಈ ಸಬೂಬು ಬೇಕಾಗಿರಲಿಲ್ಲ, ನಾವು ದೊಡ್ಡ ಕಾದಂಬರಿ ಓದುಗರು, ಅದಕ್ಕೆ ನಮಗೆ ನಾಚಿಕೆಯೂ ಇಲ್ಲ. ಆಗ ಅವಳಿಗೆ 23 ವರ್ಷ. ನನಗೆ ತುಂಬಾ ಹಿಡಿಸುವುದು ಅಲ್ಲಿರುವ ‘ನಾವು’. ‘ನಾನು’ ಅಂತ ಬರೆಯಲಿಲ್ಲ ಅವಳು. ಪಾದ್ರಿ ಅಪ್ಪ, ಅಮ್ಮ, ಅಕ್ಕ, ಅಣ್ಣಂದಿರು ಎಲ್ಲ ಸೇರಿದ ಮನೆ ಅದು. (ಪಾಪ, ಆ ಲೈಬ್ರರಿ ಎರಡು ವರ್ಷ ಆಗುವಷ್ಟರಲ್ಲಿ ಮುಚ್ಚಿಹೋಯಿತು.)

ಒಬ್ಬಳೇ ಮೂಲೆಯಲ್ಲಿ ಕೂತು ಓದುತ್ತಿದ್ದಳಾ? ಅವಳ ಖಾಸಗಿ ಓದು ಹೇಗಿತ್ತು?

ಇದೇ ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ. ನಾವು ಓದು ಅಂದರೆ ಮೌನ, ಏಕಾಂತ ಅಂದುಕೊಂಡಿದ್ದೇವೆ. ಅವಳ ಮನೆಯಲ್ಲಿ ಓದು ಅಂದರೆ ದನಿ. ಒಬ್ಬರು ಜೋರಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಹೆಂಗಸರ ಕೈಯಲ್ಲಿ ಹೊಲಿಗೆ. ಮೇಣದಬತ್ತಿಗೆ ದುಡ್ಡು, ಅದರ ಮೇಲೆ ಸರ್ಕಾರದ ತೆರಿಗೆ ಬೇರೆ. ಹಾಗಾಗಿ ಒಂದು ಬೆಳಕು, ಒಂದು ಪುಸ್ತಕ, ಸುತ್ತ ನಾಲ್ಕಾರು ಜನ. ಸಂಜೆ ಹೊತ್ತು ಅಪ್ಪ ವಿಲಿಯಂ ಕೂಪರನ ಕವಿತೆ ಓದುತ್ತಾರೆ, ಆದಾಗಲೆಲ್ಲ ಕೇಳುತ್ತೇನೆ ಅಂತ 1798ರ ಡಿಸೆಂಬರ್‌ನ ಕಾಗದದಲ್ಲಿ ಬರೆದಿದ್ದಾಳೆ. ‘ಆದಾಗಲೆಲ್ಲ’ ಅನ್ನುವುದನ್ನು ಗಮನಿಸಿ. ಅಮ್ಮನಿಗೆ ಆಗ ಹುಷಾರಿರಲಿಲ್ಲ, ಅಕ್ಕ ಊರಲ್ಲಿರಲಿಲ್ಲ, ಮನೆ ನೋಡಿಕೊಳ್ಳುವ ಕೆಲಸ ಜೇನ್ ತಲೆ ಮೇಲಿತ್ತು. ಅಡುಗೆಯವರಿಗೆ ಹೇಳುವುದು, ಔಷಧ ಕೊಡುವುದು, ಇವುಗಳ ಮಧ್ಯೆ ಕಿವಿಗೆ ಬಿದ್ದಷ್ಟು ಕವಿತೆ.

ಹೆನ್ರಿ ಹೇಳುವ ಪ್ರಕಾರ ಅವಳು ತುಂಬಾ ಚೆನ್ನಾಗಿ ಓದುತ್ತಿದ್ದಳು. ಅವಳ ಕಾದಂಬರಿಗಳನ್ನು ಅವಳ ಬಾಯಿಂದಲೇ ಕೇಳಬೇಕಿತ್ತು ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಕೆಂಟ್ ಸೀಮೆಯ ಗಾಡ್‌ಮರ್ಶಮ್‌ನಲ್ಲಿ ಇನ್ನೊಬ್ಬ ಅಣ್ಣ ಎಡ್ವರ್ಡ್‌ನ ದೊಡ್ಡ ಮನೆ ಇತ್ತು. ಅಲ್ಲಿನ ಹುಡುಗಿ ಮೇರಿಯಾನ್ ದೊಡ್ಡವಳಾದಮೇಲೆ ಒಂದು ನೆನಪು ಹೇಳಿದ್ದಾಳೆ. ಜೇನತ್ತೆ ಬಂದಾಗ ಕೈಬರಹದ ಕಾದಂಬರಿ ತರುತ್ತಿದ್ದಳು, ದೊಡ್ಡಕ್ಕಂದಿರನ್ನು ಕೋಣೆಯೊಳಗೆ ಕೂರಿಸಿಕೊಂಡು ಬಾಗಿಲು ಹಾಕಿಕೊಂಡು ಓದಿ ಹೇಳುತ್ತಿದ್ದಳು, ಒಳಗಿಂದ ನಗುವೋ ನಗು, ಚಿಕ್ಕವರಾದ ನಮ್ಮನ್ನು ಮಾತ್ರ ಹೊರಗೆ ಬಿಟ್ಟಿದ್ದರು ಅಂತ. ಆ ಬಾಗಿಲ ಹೊರಗೆ ನಿಂತ ಮಗುವಿನ ಸಂಕಟ ನನ್ನದೂ ಹೌದು.

1813ರ ಜನವರಿಯಲ್ಲಿ ಇನ್ನೊಂದು ಘಟನೆ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅಚ್ಚಾಗಿ ಲಂಡನ್ನಿನಿಂದ ಮೊದಲ ಪ್ರತಿ ಆಗ ಅವರಿದ್ದ ಚಾಟನ್ ಹಳ್ಳಿಯ ಮನೆಗೆ ಬಂತು. ಪುಸ್ತಕದ ಮೇಲೆ ಅವಳ ಹೆಸರಿಲ್ಲ. ಅವತ್ತು ಮಿಸ್ ಬೆನ್ ಎಂಬ ನೆರೆಮನೆಯ ಬಡ ಹೆಣ್ಣುಮಗಳು ಊಟಕ್ಕೆ ಬಂದಿದ್ದಳು. ಬರೆದವಳು ಪಕ್ಕದಲ್ಲೇ ಕೂತಿದ್ದಾಳೆ ಅಂತ ಅವಳಿಗೆ ಗೊತ್ತಿಲ್ಲ. ಹೊಸ ಪುಸ್ತಕ ಅಂತ ಹೇಳಿ ಮೊದಲ ಸಂಪುಟದ ಅರ್ಧವನ್ನು ಓದಿ ಕೇಳಿಸಿದರು. ಎಲಿಜಬೆತ್ ಪಾತ್ರ ಅವಳಿಗೆ ಇಷ್ಟ ಆಯಿತು, ಜೇನ್‌ಗೆ ಖುಷಿಯೋ ಖುಷಿ. ಎರಡನೇ ಸಂಜೆ ಅಷ್ಟು ಚೆನ್ನಾಗಿ ಆಗಲಿಲ್ಲ. ಓದಿದ್ದು ಅಮ್ಮ. ಅಮ್ಮನಿಗೆ ಪಾತ್ರಗಳು ಪೂರ್ತಿ ಅರ್ಥ ಆಗಿವೆ, ಆದರೆ ಅವರು ಮಾತಾಡಬೇಕಾದ ಹಾಗೆ ಮಾತಾಡಲು ಬರಲ್ಲ, ಬೇಗ ಬೇಗ ಓದಿಬಿಡುತ್ತಾಳೆ ಅಂತ ಜೇನ್ ಬೇಸರ ಮಾಡಿಕೊಂಡಳು. ಇದನ್ನು ಓದಿದ ಮೇಲೆ ನನಗೆ ಅವಳ ಸಂಭಾಷಣೆಗಳ ಗುಟ್ಟು ಸ್ವಲ್ಪ ಅರ್ಥವಾಯಿತು. ಅವು ಕಿವಿಗಾಗಿ ಬರೆದವು. ನಂಬಿಕೆ ಬರದಿದ್ದರೆ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ.

ಅವಳ ಕಾದಂಬರಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಹೆನ್ರಿ ಕ್ರಾಫರ್ಡ್ ಎಂಬುವನು ಷೇಕ್ಸ್‌ಪಿಯರ್ ಓದುವ ದೃಶ್ಯ ಇದೆಯಲ್ಲ, ಅಲ್ಲಿ ನಾಯಕಿ ಫ್ಯಾನಿಗೆ ಅವನನ್ನು ಕಂಡರೆ ಆಗಲ್ಲ. ಕೇಳಲೇಬಾರದು ಅಂತ ಹೊಲಿಗೆಯಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ಅವನು ಓದುತ್ತಾ ಹೋದ ಹಾಗೆ ಸೂಜಿ ನಿಧಾನ ಆಗುತ್ತದೆ, ಆಮೇಲೆ ನಿಂತೇಹೋಗುತ್ತದೆ, ಹೊಲಿಗೆ ಕೈಯಿಂದ ಜಾರುತ್ತದೆ, ಕಣ್ಣು ಅವನ ಮೇಲೆ ನೆಡುತ್ತದೆ. ಎಷ್ಟೋ ಸಂಜೆ ಹಾಗೆ ಕೂತು ಕೇಳಿದವರು ಮಾತ್ರ ಬರೆಯಬಲ್ಲ ದೃಶ್ಯ ಅದು.

ಪುಸ್ತಕ ಕೊಂಡು ಓದುತ್ತಿದ್ದಳಾ?

ಅಪರೂಪಕ್ಕೆ. ಪುಸ್ತಕ ತುಂಬಾ ದುಬಾರಿ. ಅವಳ ಮೊದಲ ಕಾದಂಬರಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ 1811ರಲ್ಲಿ ಬಂದಾಗ ಬೆಲೆ 15 ಷಿಲಿಂಗ್. ‘ಪ್ರೈಡ್ ಅಂಡ್ ಪ್ರೆಜುಡಿಸ್’ 18 ಷಿಲಿಂಗ್. ‘ಎಮ್ಮಾ’ 21. ಆಗ 20 ಷಿಲಿಂಗಿಗೆ ಒಂದು ಪೌಂಡ್. ಸ್ವಂತ ಸಂಪಾದನೆ ಇಲ್ಲದ ಹುಡುಗಿ ಎಲ್ಲಿಂದ ತರಬೇಕು?

ಆದರೂ 1796ರಲ್ಲಿ, 20ನೇ ವಯಸ್ಸಿನಲ್ಲಿ, ಫ್ಯಾನಿ ಬರ್ನಿಯ ‘ಕ್ಯಾಮಿಲ್ಲಾ’ ಕಾದಂಬರಿಗೆ ಮೊದಲೇ ಒಂದು ಗಿನಿ, ಅಂದರೆ 21 ಷಿಲಿಂಗ್ ಚಂದಾ ಕಟ್ಟಿದ್ದಳು. ಚಂದಾದಾರರ ಪಟ್ಟಿ ಪುಸ್ತಕದಲ್ಲೇ ಅಚ್ಚಾಗಿತ್ತು. ಅದರಲ್ಲಿ ಸ್ಟೀವೆಂಟನ್‌ನ ಮಿಸ್ ಜೆ. ಆಸ್ಟೆನ್ ಅಂತ ಇದೆ. ಅವಳು ಬದುಕಿದ್ದಾಗ ಬಂದ ಅವಳ ಯಾವ ಕಾದಂಬರಿಯ ಮೇಲೂ ಆ ಹೆಸರು ಬರಲಿಲ್ಲ, ಮೊದಲನೆಯದರ ಮೇಲೆ ಹೆಂಗಸೊಬ್ಬಳು ಬರೆದದ್ದು ಅಂತ, ಆಮೇಲಿನವುಗಳ ಮೇಲೆ ಹಿಂದಿನ ಕಾದಂಬರಿ ಬರೆದವರದ್ದೇ ಅಂತ ಮಾತ್ರ ಇತ್ತು. ಓದುವವಳಾಗಿ ಮಾತ್ರ ಅವಳು ಹೆಸರು ಹಾಕಿಸಿಕೊಂಡಳು.

ಅಪ್ಪನೂ ಕೊಳ್ಳುತ್ತಿದ್ದರು. ವಿಂಚೆಸ್ಟರ್ ಪಟ್ಟಣದ ಬರ್ಡನ್ ಎಂಬ ಪುಸ್ತಕದಂಗಡಿಯವನ ಹತ್ತಿರ ಅವರ ಲೆಕ್ಕ ಇತ್ತು. 1798ರಲ್ಲಿ ಬಾಸ್ವೆಲ್‌ನ ಪ್ರವಾಸ ಕಥನ ತಂದರು, ಅವನೇ ಬರೆದ, ಲೇಖಕ ಜಾನ್ಸನ್‌ನ ಜೀವನ ಚರಿತ್ರೆ ತರುವುದಿತ್ತು, ಮಿಕ್ಕ ದುಡ್ಡಿಗೆ ಕೂಪರನ ಕವಿತೆಗಳು. ಈ ಸುದ್ದಿಯನ್ನು ಜೇನ್ ಹಬ್ಬದ ಸಾಮಾನಿನ ಪಟ್ಟಿ ಥರ ಅಕ್ಕನಿಗೆ ಒಪ್ಪಿಸುತ್ತಾಳೆ.

ಹಾಗಾದರೆ ಪುಸ್ತಕ ಎಲ್ಲಿಂದ ಬರುತ್ತಿತ್ತು?

ಒಂದು, ಸರ್ಕ್ಯುಲೇಟಿಂಗ್ ಲೈಬ್ರರಿ. ನಮ್ಮ ಊರುಗಳ ಬಡಾವಣೆಗಳಲ್ಲಿ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದುಡ್ಡು ಕೊಟ್ಟು ಕಾದಂಬರಿ ತಂದವರಿಗೆ ಇದನ್ನು ವಿವರಿಸಬೇಕಿಲ್ಲ. ಚಂದಾ ಕಟ್ಟು, ತೊಗೊಂಡು ಹೋಗು, ಓದಿ ವಾಪಸ್ ಕೊಡು. ಅಲ್ಲಿ ಕಾದಂಬರಿಗಳು ಸಾಮಾನ್ಯವಾಗಿ ಮೂರು ಸಂಪುಟದಲ್ಲಿ ಬರುತ್ತಿದ್ದವು. ಅಂಗಡಿಯವನಿಗೆ ಇದು ಲಾಭ, ಒಂದೇ ಕಾದಂಬರಿಯನ್ನು ಒಂದೇ ಹೊತ್ತಿಗೆ ಮೂವರಿಗೆ ಕೊಡಬಹುದು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಫ್ಯಾನಿ ಪೋರ್ಟ್ಸ್‌ಮತ್‌ನಲ್ಲಿ ಮೊದಲ ಸಲ ಹೀಗೆ ಚಂದಾ ಕಟ್ಟಿ, ನಾನೇ ಪುಸ್ತಕ ಆರಿಸುವವಳಾದೆನಲ್ಲ ಅಂತ ಬೆರಗಾಗುತ್ತಾಳೆ. ಬಡ ಹುಡುಗಿಯೊಬ್ಬಳ ಬದುಕಿನಲ್ಲಿ ಅದು ಎಷ್ಟು ದೊಡ್ಡ ಗಳಿಗೆ ಅಂತ ಜೇನ್‌ಗೆ ಗೊತ್ತಿತ್ತು.

ಎರಡು, ಚಾಟನ್‌ನ ಬುಕ್ ಸೊಸೈಟಿ. ನೆರೆಹೊರೆಯವರು ದುಡ್ಡು ಹಾಕಿ ಪುಸ್ತಕ ಕೊಂಡು ಮನೆಯಿಂದ ಮನೆಗೆ ಸುತ್ತಿಸುತ್ತಿದ್ದರು. ತಮ್ಮ ಸೊಸೈಟಿಯ ಬಗ್ಗೆ ಅವಳಿಗೆ ಬಹಳ ಹೆಮ್ಮೆ. 1813ರ ಜನವರಿಯಲ್ಲಿ ಅಲ್ಲಿಂದ ಬಂದಿದ್ದು ಕ್ಯಾಪ್ಟನ್ ಪ್ಯಾಸ್ಲಿ ಬರೆದ, ಬ್ರಿಟಿಷ್ ಸಾಮ್ರಾಜ್ಯದ ಸೈನ್ಯನೀತಿಯ ಬಗೆಗಿನ ಪುಸ್ತಕ. ಮೊದಲು ಬೇಡ ಅಂದಳಂತೆ. ಓದಲು ಕೂತರೆ ಬಿಡಲಾಗಲಿಲ್ಲ. ಬರೆದವನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿದೆ ಅಂತ ಅಕ್ಕನಿಗೆ ಬರೆದಳು. ಟೀ ಕುಡಿಯುತ್ತಾ ಮದುವೆ ಮಾತಾಡುವ ಹೆಂಗಸರ ಬಗ್ಗೆ ಮಾತ್ರ ಬರೆದವಳು, ಯುದ್ಧ ಗಿದ್ದ ಅವಳಿಗೆ ಗೊತ್ತೇ ಇರಲಿಲ್ಲ ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಇಬ್ಬರು ಸೋದರರು ನೌಕಾಪಡೆಯಲ್ಲಿದ್ದರು. ಸೈನ್ಯದ ಪುಸ್ತಕ ಅವಳಿಗೆ ಮನೆಯ ವಿಷಯವೇ.

ಪುಸ್ತಕದ ಗಾತ್ರದ ಬಗ್ಗೆಯೂ ಅವಳಿಗೆ ಅಭಿಪ್ರಾಯ ಇತ್ತು. ಅಚ್ಚಿನ ಹಾಳೆಯನ್ನು ಎರಡು ಸಲ ಮಡಚಿದರೆ ನಾಲ್ಕು ಎಲೆಯ ದೊಡ್ಡ ‘ಕ್ವಾರ್ಟೊ’, ಮೂರು ಸಲ ಮಡಚಿದರೆ ಎಂಟು ಎಲೆಯ ಚಿಕ್ಕ ‘ಆಕ್ಟೇವೊ’. ಆ ದಪ್ಪ ಕ್ವಾರ್ಟೊಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹೇಳಬೇಕಾದ್ದನ್ನು ಆಕ್ಟೇವೊ ಒಳಗೆ ಅಡಕ ಮಾಡಿದವನನ್ನು ಕಂಡರೆ ಮೆಚ್ಚುಗೆ.

ಪ್ಯಾಸ್ಲಿ ಜೊತೆ ‘ಬುಕನನ್’ ಹೆಸರೂ ಬರುತ್ತದಲ್ಲ. ಅದು ನಮ್ಮ ಮೈಸೂರು ಸೀಮೆ ಸುತ್ತಿದ ಬುಕನನ್ನಾ?

ಕನ್ನಡ ಓದುಗರಿಗೆ ಈ ಅನುಮಾನ ಬರುವುದು ಸಹಜ, ನನಗೂ ಬಂದಿತ್ತು. ಅದೇ ಕಾಗದದಲ್ಲಿ, ಹಿಂದೆ ಕ್ಲಾರ್ಕ್‌ಸನ್ ಮತ್ತು ಬುಕನನ್ ಮೇಲೆ ಇದ್ದಷ್ಟೇ ಪ್ರೀತಿ ಪ್ಯಾಸ್ಲಿ ಮೇಲೂ ಅಂತ ಹೇಳುತ್ತಾಳೆ. ಟಿಪ್ಪು ಸತ್ತ ಮರುವರ್ಷ, 1800-01ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸುತ್ತಿ ಮೂರು ಸಂಪುಟ ಬರೆದವನು ಫ್ರಾನ್ಸಿಸ್ ಬುಕನನ್. ಅದು 1807ರಲ್ಲಿ ಅಚ್ಚಾಯಿತು. ಆದರೆ ಅವಳ ಕಾಗದಗಳನ್ನು ಸಂಪಾದಿಸಿದವರು ಗುರುತಿಸುವುದು ಕ್ಲಾಡಿಯಸ್ ಬುಕನನ್ ಎಂಬ ಪಾದ್ರಿಯನ್ನು. 1811ರಲ್ಲಿ ಅವನು ಏಷ್ಯಾದ ಕ್ರೈಸ್ತರ ಬಗ್ಗೆ ಬರೆದ ಪುಸ್ತಕ ಆಗ ತುಂಬಾ ಓಡುತ್ತಿತ್ತು. ಕ್ಲಾರ್ಕ್‌ಸನ್ ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡಿದವನು.

ಹಾಗಂತ ಭಾರತ ಅವಳಿಗೆ ಬರೀ ಪುಸ್ತಕದ ವಿಷಯ ಆಗಿರಲಿಲ್ಲ. ಅಪ್ಪನ ಅಕ್ಕ ಫಿಲಡೆಲ್ಫಿಯಾ 1752ರಲ್ಲಿ ಹಡಗು ಹತ್ತಿ ಮದರಾಸಿಗೆ ಬಂದವಳು. ಅವಳ ಮಗಳು ಎಲೈಜಾ ಕಲ್ಕತ್ತಾದಲ್ಲಿ ಹುಟ್ಟಿದಳು, ಮುಂದೆ ಜೇನ್‌ಳ ಅಣ್ಣ ಹೆನ್ರಿಯನ್ನೇ ಮದುವೆಯಾದಳು.

ಅವಳಿಗೆ ತುಂಬಾ ಇಷ್ಟವಾದ ಪುಸ್ತಕ ಯಾವುದು?

ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ‘ಸರ್ ಚಾರ್ಲ್ಸ್ ಗ್ರಾಂಡಿಸನ್’. 1753-54ರಲ್ಲಿ ಏಳು ಸಂಪುಟಗಳಲ್ಲಿ ಬಂದಿದ್ದು. ಇವತ್ತು ಅದನ್ನು ಪೂರ್ತಿ ಓದಿದವರು ಸಿಗುವುದು ಕಷ್ಟ. ಅವಳಿಗೆ ಅದು ನೆಂಟರ ಮನೆ ಇದ್ದಂತೆ. ಅದರಲ್ಲಿ ಯಾವ ಕೋಣೆಯಲ್ಲಿ ಯಾರು ಏನು ಹೇಳಿದರು ಅನ್ನುವುದೆಲ್ಲ ಗೊತ್ತಿತ್ತು, ಪಾತ್ರಗಳ ಮದುವೆ ದಿನಗಳು ಸಹ ಬದುಕಿರುವ ಗೆಳತಿಯರದ್ದೋ ಅನ್ನುವ ಹಾಗೆ ನೆನಪಿದ್ದವು ಅಂತ ಅಣ್ಣನ ಮಗ ಎಡ್ವರ್ಡ್ ಬರೆದಿದ್ದಾನೆ.

ಗದ್ಯದಲ್ಲಿ ಜಾನ್ಸನ್, ಪದ್ಯದಲ್ಲಿ ಕೂಪರ್ ಅವಳಿಗೆ ಮೆಚ್ಚು ಅಂತ ಹೆನ್ರಿ ಹೇಳುತ್ತಾನೆ. ಕವಿ ಜಾರ್ಜ್ ಕ್ರ್ಯಾಬ್ ಎಷ್ಟು ಇಷ್ಟ ಅಂದರೆ, ಮದುವೆ ಆಗುವುದಾದರೆ ಕ್ರ್ಯಾಬ್ ಹೆಂಡತಿ ಆಗಬಹುದು ಅಂತ ಮನೆಯಲ್ಲಿ ತಮಾಷೆ ನಡೆಯುತ್ತಿತ್ತು. ಕ್ರ್ಯಾಬ್‌ನನ್ನು ಅವಳು ಕಂಡವಳೇ ಅಲ್ಲ. ಷೆರ್ಲಾಕ್ ಎಂಬ ಬಿಷಪ್ಪನ ಧರ್ಮೋಪದೇಶಗಳೂ ಅವಳಿಗೆ ಪ್ರಿಯ.

ಇಷ್ಟ ಆಗದಿದ್ದರೆ ಏನು ಮಾಡುತ್ತಿದ್ದಳು?

ಬಿಟ್ಟುಬಿಡುತ್ತಿದ್ದಳು. 1807ರ ಜನವರಿ, ಸೌತಾಂಪ್ಟನ್‌ನಲ್ಲಿ ಅಣ್ಣಂದಿರ ಹೆಂಡತಿಯರ ಜೊತೆ ಚಳಿಗಾಲ ಕಳೆಯುತ್ತಿದ್ದಾಗ ಫ್ರೆಂಚ್ ಲೇಖಕಿ ಜೆನ್ಲಿಸ್‌ಳ ‘ಅಲ್ಫಾನ್ಸಿನ್’ ಅನುವಾದ ಶುರು ಮಾಡಿದರು. 20 ಪುಟಕ್ಕೆ ಸಾಕಾಯಿತು. ಅನುವಾದವೂ ಕೆಟ್ಟದು, ಒಳಗಿನ ವಿಷಯವೂ ಹಿಡಿಸಲಿಲ್ಲ. ಅದನ್ನು ಬದಿಗಿಟ್ಟು ಷಾರ್ಲೆಟ್ ಲೆನಾಕ್ಸ್‌ಳ ‘ಫೀಮೇಲ್ ಕ್ವಿಕ್ಸಾಟ್’ ತೆಗೆದರು. ಜೇನ್‌ಗೆ ಅದು ಎರಡನೇ ಓದು. ನೆನಪಲ್ಲಿದ್ದಷ್ಟೇ ಚೆನ್ನಾಗಿದೆ ಅಂತ ನೆಮ್ಮದಿಯಿಂದ ಬರೆದಳು. ಅಣ್ಣ ಫ್ರಾನ್ಸಿಸ್‌ನ ಹೆಂಡತಿಗೂ ಖುಷಿ ಆಯಿತಂತೆ. ಇನ್ನೊಬ್ಬ ಅತ್ತಿಗೆಗೆ ಮಾತ್ರ ಇದೂ ಅಷ್ಟೇ, ಯಾವ ಪುಸ್ತಕವೂ ಅಷ್ಟೇ. ಪ್ರತಿ ಮನೆಯಲ್ಲೂ ಇಂಥ ಒಬ್ಬರು ಇರುತ್ತಾರೆ ಅಲ್ವಾ.

ಮೇರಿ ಬ್ರಂಟನ್‌ಳ ‘ಸೆಲ್ಫ್ ಕಂಟ್ರೋಲ್’ ಬಗ್ಗೆ 1813ರಲ್ಲಿ ಅವಳು ಕೊಟ್ಟ ತೀರ್ಪು: ಉದ್ದೇಶ ಒಳ್ಳೆಯದು, ಭಾಷೆ ಚೆಂದ, ಆದರೆ ಬದುಕಿನಲ್ಲಿ ನಡೆಯುವಂಥದ್ದು ಒಂದೂ ಇಲ್ಲ. ಅದರ ನಾಯಕಿ ಒಬ್ಬಳೇ ಅಮೆರಿಕದ ನದಿಯೊಂದರಲ್ಲಿ ದೋಣಿಯಲ್ಲಿ ತೇಲಿಕೊಂಡು ಹೋಗಿ ಪಾರಾಗುತ್ತಾಳೆ. ಹಾಗೆ ನೋಡಿದರೆ ಅವಳು ಮಾಡಿದ್ದರಲ್ಲಿ ಅದೇ ಸಹಜ ಅನ್ನಬೇಕು ಅಂತ ಜೇನ್ ಬರೆದಳು. ಇದು ಬರೀ ಕುಹಕ ಅಲ್ಲ. ಹೀಗೆ ಆಗುತ್ತದಾ, ಜನ ಹೀಗೆ ಮಾತಾಡುತ್ತಾರಾ ಅನ್ನುವುದು ಓದುವಾಗ ಅವಳು ಹಿಡಿದ ಒಂದೇ ಅಳತೆಗೋಲು. ಬರೆಯುವಾಗಲೂ ಅದನ್ನೇ ಹಿಡಿದಳು.

1814ರಲ್ಲಿ ‘ವೇವರ್ಲಿ’ ಬಂತು. ಅದರ ಮೇಲೂ ಲೇಖಕನ ಹೆಸರಿರಲಿಲ್ಲ, ಆದರೆ ವಾಲ್ಟರ್ ಸ್ಕಾಟನೇ ಅಂತ ಅವಳಿಗೆ ಗೊತ್ತಾಗಿತ್ತು. ಸೆಪ್ಟೆಂಬರ್‌ನಲ್ಲಿ ಅಣ್ಣನ ಮಗಳು ಆ್ಯನಾಗೆ ಬರೆಯುತ್ತಾಳೆ: ಸ್ಕಾಟನಿಗೆ ಕಾದಂಬರಿ ಬರೆಯುವ ಹಕ್ಕೇ ಇಲ್ಲ, ಅದೂ ಒಳ್ಳೆಯ ಕಾದಂಬರಿ. ಕವಿಯಾಗಿ ಹೆಸರು, ದುಡ್ಡು ಎರಡೂ ಮಾಡಿದ್ದಾನೆ, ಬೇರೆಯವರ ಅನ್ನ ಕಿತ್ತುಕೊಳ್ಳಬಾರದು. ‘ವೇವರ್ಲಿ’ ಇಷ್ಟಪಡಬಾರದು ಅಂತಿದ್ದೇನೆ, ಇಷ್ಟ ಆಗಿಬಿಡುತ್ತದೇನೋ ಅನ್ನುವ ಭಯ. ಅದೇ ಸ್ಕಾಟ್ 1826ರ ಮಾರ್ಚ್‌ನಲ್ಲಿ, ಅವಳು ಹೋಗಿ ಒಂಬತ್ತು ವರ್ಷ ಆಗುತ್ತಾ ಬಂದಿದ್ದಾಗ, ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು ಕಡಿಮೆ ಅಂದರೂ ಮೂರನೇ ಸಲ ಓದಿದೆ ಅಂತ ದಿನಚರಿಯಲ್ಲಿ ಬರೆದುಕೊಂಡ. ದೊಡ್ಡ ಅಬ್ಬರದ ಬರವಣಿಗೆ ನನಗೂ ಬರುತ್ತದೆ, ಸಾಮಾನ್ಯ ಸಂಗತಿಗಳನ್ನು ಇಷ್ಟು ಆಸಕ್ತಿ ಹುಟ್ಟುವಂತೆ ಬರೆಯುವ ನಯ ನನಗಿಲ್ಲ ಅಂದ. ಅವಳಿಗೆ ಇದು ಗೊತ್ತಾಗಬೇಕಿತ್ತು.

ಬೈರನ್ ಓದಿದ್ದಳಾ?

ಓದಿದ್ದಳು. 1814ರ ಮಾರ್ಚ್ 5ರ ಕಾಗದದಲ್ಲಿ, ಆ ಕವಿಯ ‘ಕೋರ್ಸೇರ್’ ಓದಿ ಮುಗಿಸಿದೆ, ಲಂಗ ಹೊಲಿದುಕೊಂಡೆ, ಇನ್ನೇನೂ ಕೆಲಸ ಇಲ್ಲ ಅಂತ ಬರೆದಿದ್ದಾಳೆ.

ದೆವ್ವ, ಹಾಳು ಕೋಟೆ ಇರುವ ಕಾದಂಬರಿಗಳನ್ನು ಗೇಲಿ ಮಾಡಿದಳಲ್ಲ. ಅವುಗಳನ್ನು ಓದದೇ ಗೇಲಿ ಮಾಡಿದಳಾ?

ಇಲ್ಲ ಇಲ್ಲ. ಅವಳ ಕಾದಂಬರಿ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳಿಗೆ ಏಳು ಭಯಂಕರ ಕಾದಂಬರಿಗಳ ಪಟ್ಟಿ ಕೊಡುತ್ತಾಳೆ. ಆ ಹೆಸರುಗಳು ಜೇನ್‌ಳ ಕಲ್ಪನೆ ಅಂತ ಬಹಳ ಕಾಲ ಜನ ಅಂದುಕೊಂಡಿದ್ದರು. 20ನೇ ಶತಮಾನದಲ್ಲಿ ಹುಡುಕಿದರೆ ಏಳೂ ಸಿಕ್ಕವು. ಅವುಗಳಲ್ಲಿ ಒಂದು ‘ಮಿಡ್‌ನೈಟ್ ಬೆಲ್’. 1798ರ ಅಕ್ಟೋಬರ್‌ನಲ್ಲಿ ಪ್ರಯಾಣದ ಮಧ್ಯೆ ಡಾರ್ಟ್‌ಫರ್ಡ್ ಊರಿನ ವಸತಿಗೃಹದಲ್ಲಿ ತಂಗಿದ್ದಾಗ ಜೇನ್ ಬರೆದ ಕಾಗದ ಇದೆ: ಅಪ್ಪ ಲೈಬ್ರರಿಯಿಂದ ತಂದ ‘ಮಿಡ್‌ನೈಟ್ ಬೆಲ್’ ಓದುತ್ತಿದ್ದಾರೆ, ಅಮ್ಮ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಳೆ. 67 ವರ್ಷದ ಪಾದ್ರಿ, ದಾರಿಯ ಮಧ್ಯೆ, ದೆವ್ವದ ಕಾದಂಬರಿಯಲ್ಲಿ ಮುಳುಗಿದ್ದಾರೆ. ಅಂಥ ಅಪ್ಪನ ಮಗಳು ಆ ಪುಸ್ತಕಗಳನ್ನು ಪ್ರೀತಿಯಿಂದಲೇ ಗೇಲಿ ಮಾಡಿದ್ದು.

ಪುಸ್ತಕದ ಮೇಲೆ ಬರೆಯುತ್ತಿದ್ದಳಾ?

ಬರೆಯುತ್ತಿದ್ದಳು. ಗೋಲ್ಡ್‌ಸ್ಮಿತ್‌ನ ನಾಲ್ಕು ಸಂಪುಟದ ಇಂಗ್ಲೆಂಡ್ ಇತಿಹಾಸದ ಮನೆಯ ಪ್ರತಿಯಲ್ಲಿ ಅವಳ 100ಕ್ಕೂ ಜಾಸ್ತಿ ಟಿಪ್ಪಣಿ ಇವೆ. ಹದಿಹರೆಯದ ಹುಡುಗಿ ಇತಿಹಾಸಕಾರನ ಜೊತೆ ಜಗಳಕ್ಕೆ ನಿಂತಿದ್ದಾಳೆ. ಅವಳು ಸ್ಟುವರ್ಟ್ ರಾಜರ ಪಕ್ಷ. ಅವರ ತಪ್ಪುಗಳನ್ನು ಯಾರೂ ಮರೆಯಲ್ಲ, ಒಳ್ಳೆಯತನವನ್ನು ಯಾರೂ ಒಪ್ಪಲ್ಲ ಅಂತ ಸಿಟ್ಟಿನಿಂದ ಬರೆದಿದ್ದಾಳೆ. ಬಡತನ ತಾಳದೆ ಸತ್ತ ಒಂದು ಕುಟುಂಬದ ಕಥೆ ಬಂದ ಕಡೆ ಬಡವರ ಬಗ್ಗೆ ಮರುಕ, ಸಿರಿವಂತರ ಮೇಲೆ ದೂರು. 1791ರ ನವೆಂಬರ್‌ನಲ್ಲಿ, 16 ತುಂಬುವ ಮೊದಲೇ, ತಾನೇ ಒಂದು ಪುಟ್ಟ ಇಂಗ್ಲೆಂಡ್ ಇತಿಹಾಸ ಬರೆದಳು. ಬರೆದವಳು ಪಕ್ಷಪಾತಿ, ಪೂರ್ವಗ್ರಹ ಉಳ್ಳವಳು, ಏನೂ ತಿಳಿಯದವಳು ಅಂತ ಮೊದಲೇ ಹೇಳಿಕೊಂಡಳು. ಚಿತ್ರ ಬಿಡಿಸಿದ್ದು ಕಸಾಂಡ್ರಾ.

ಓದಿದ್ದು ಅವಳ ಕಾದಂಬರಿಗಳೊಳಗೆ ಬಂದಿದೆಯಾ?

ಎಲ್ಲೆಲ್ಲೂ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನುವ ಜೋಡಿ ಪದ ಬರ್ನಿಯ ‘ಸೆಸಿಲಿಯಾ’ದ ಕೊನೆಯ ಅಧ್ಯಾಯದಲ್ಲಿ ಮೂರು ಸಲ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಆದರೆ ನನಗೆ ಇದಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ವಿಷಯ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಬರೆಯುತ್ತಿದ್ದಾಗ ಜಿಬ್ರಾಲ್ಟರ್‌ನ ಗವರ್ನ್‌ಮೆಂಟ್ ಹೌಸ್ ಅಂತ ಒಂದು ಕಡೆ ಹಾಕಿದ್ದಳು. ಆಮೇಲೆ ಜಾನ್ ಕಾರ್ ಎಂಬುವನ ಸ್ಪೇನ್ ಪ್ರವಾಸದ ಪುಸ್ತಕ ಓದಿದಾಗ ಅಲ್ಲಿ ಅಂಥ ಮನೆಯೇ ಇಲ್ಲ ಅಂತ ತಿಳಿಯಿತು. ಕಮಿಷನರ್ ಮನೆ ಅಂತ ತಿದ್ದಬೇಕು ಅಂತ ಅಕ್ಕನಿಗೆ ಬರೆದಳು, ತಿದ್ದಿದಳು. ಕಾದಂಬರಿಯಲ್ಲಿ ಅದು ಯಾರೂ ಗಮನಿಸದೆ ದಾಟಿಹೋಗುವ ಅರ್ಧ ಸಾಲು.

10 ಪೌಂಡ್ ನೋಟಿನ ಮೇಲಿರುವ ಓದಿನ ಬಗೆಗಿನ ಮಾತು ಅವಳದ್ದೇನಾ?

2017ರಲ್ಲಿ ಬಂದ ನೋಟು. ಓದಿನಂಥ ಸುಖ ಬೇರೆ ಇಲ್ಲ ಅನ್ನುವ ಅರ್ಥದ ಮಾತು ಅದರ ಮೇಲಿದೆ. ಬರೆದವಳು ಅವಳೇ, ಆಡಿದವಳು ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಕ್ಯಾರೊಲಿನ್ ಬಿಂಗ್ಲಿ. ನಾಯಕ ಡಾರ್ಸಿಯ ಕಣ್ಣಿಗೆ ಬೀಳಬೇಕು ಅಂತ ಅವನು ಓದುತ್ತಿದ್ದ ಪುಸ್ತಕದ ಎರಡನೇ ಸಂಪುಟ ಹಿಡಿದು ಕೂತು, ಓದಲಾಗದೆ ಆಕಳಿಸುತ್ತಾ ಈ ಮಾತು ಆಡುತ್ತಾಳೆ. ಸ್ವಲ್ಪ ಹೊತ್ತಿಗೆ ಪುಸ್ತಕ ಪಕ್ಕಕ್ಕೆ ಎಸೆಯುತ್ತಾಳೆ. ಜೇನ್‌ಳ ಸ್ವಂತ ಮಾತು ಬೇಕಿದ್ದರೆ ನಾವು ದೊಡ್ಡ ಕಾದಂಬರಿ ಓದುಗರು ಅನ್ನುವ ಆ 1798ರ ಕಾಗದದ ಸಾಲನ್ನೇ ಹಾಕಬಹುದಿತ್ತು ಅಂತ ನನಗನಿಸುತ್ತದೆ.

ಒಬ್ಬಳೇ ಓದಿದ್ದೇ ಇಲ್ವಾ ಹಾಗಾದರೆ?

ಇದೆ. ಗಾಡ್‌ಮರ್ಶಮ್‌ನ ಅಣ್ಣನ ಮನೆಯಲ್ಲಿ ದೊಡ್ಡ ಲೈಬ್ರರಿ ಇತ್ತು. 1813ರ ಶರತ್ಕಾಲದಲ್ಲಿ ಎರಡು ತಿಂಗಳು ಅಲ್ಲಿದ್ದಳು. ಗಂಡಸರು ಬೇಟೆಗೆ, ಉಳಿದವರು ತಿರುಗಾಟಕ್ಕೆ ಹೋದಾಗ ಆ ಕೋಣೆ ಪೂರ್ತಿ ಅವಳದ್ದು. ಐದು ಮೇಜು, 28 ಕುರ್ಚಿ, ಎರಡು ಒಲೆ, ಎಲ್ಲ ನನಗೊಬ್ಬಳಿಗೇ ಅಂತ ಎಣಿಸಿ ಬರೆಯುತ್ತಾಳೆ. ಚಾಟನ್‌ನ ಚಿಕ್ಕ ಮನೆಯಲ್ಲಿ ಅಕ್ಕನ ಜೊತೆ ಒಂದೇ ಮಲಗುವ ಕೋಣೆ ಹಂಚಿಕೊಂಡವಳು ಕುರ್ಚಿ ಎಣಿಸಿದ್ದು ಯಾಕೆ ಅಂತ ಗೊತ್ತಾಗುತ್ತದೆ.

ಬರೆಯುವ ಮಕ್ಕಳಿಗೆ ಅವಳು ಏನು ಹೇಳುತ್ತಿದ್ದಳು?

ಕ್ಯಾರೊಲಿನ್ ಚಿಕ್ಕಂದಿನಲ್ಲಿ ಕಥೆ ಬರೆದು ಅತ್ತೆಗೆ ಕಳಿಸುತ್ತಿದ್ದಳು. 1817ರ ಮೇ ತಿಂಗಳಲ್ಲಿ ಚಿಕಿತ್ಸೆಗಾಗಿ ಜೇನ್‌ಳನ್ನು ವಿಂಚೆಸ್ಟರ್‌ಗೆ ಕರೆದುಕೊಂಡು ಹೋದರು. ಅಲ್ಲಿಂದ ಅವಳು ಕ್ಯಾರೊಲಿನ್‌ಗೆ ಒಂದು ಮಾತು ಹೇಳಿ ಕಳಿಸಿದಳು: 16 ಆಗುವವರೆಗೆ ಬರೆಯುವುದನ್ನು ನಿಲ್ಲಿಸು. ಆ ವಯಸ್ಸಿನಲ್ಲಿ ನಾನೂ ಜಾಸ್ತಿ ಓದಿ ಕಡಿಮೆ ಬರೆಯಬೇಕಿತ್ತು ಅಂತ ಎಷ್ಟೋ ಸಲ ಅನಿಸಿದೆ. ಕ್ಯಾರೊಲಿನ್‌ಗೆ ಆಗ 12 ವರ್ಷ ಆಗುವುದರಲ್ಲಿತ್ತು. ಜೇನ್ ಬದುಕಿದ್ದು ಅಲ್ಲಿಂದ ಎರಡು ತಿಂಗಳೂ ಇಲ್ಲ. 11ರಿಂದ 17ರ ತನಕ ಮೂರು ನೋಟ್‌ಬುಕ್ ತುಂಬ ಬರೆದವಳು, ಸಾವಿನ ಹೊಸ್ತಿಲಲ್ಲಿ ಹಂಬಲಿಸಿದ್ದು ಓದದೇ ಉಳಿದ ಪುಸ್ತಕಗಳಿಗೆ. ನನಗೆ ಈ ಸಲಹೆ ಪೂರ್ತಿ ಒಪ್ಪಿಗೆ ಇಲ್ಲ. ಆ ನೋಟ್‌ಬುಕ್‌ಗಳಿಲ್ಲದೆ ಮುಂದಿನ ಕಾದಂಬರಿಗಳೂ ಇರುತ್ತಿರಲಿಲ್ಲ. ಆದರೆ ಅವಳು ಹಾಗೆ ಅಂದುಕೊಂಡಿದ್ದಳು ಅನ್ನುವುದನ್ನು ಮರೆಯಲೂ ಆಗಲ್ಲ.

ಅವಳು ಓದಿದ ಪುಸ್ತಕಗಳು ಈಗ ಎಲ್ಲಿವೆ?

ಅಪ್ಪನ ಪುಸ್ತಕಗಳು 1801ರಲ್ಲೇ ಚದುರಿಹೋದವು. ಗಾಡ್‌ಮರ್ಶಮ್‌ನವೂ ಆಮೇಲೆ ಚದುರಿದವು. ಆದರೆ ಅಲ್ಲಿ 1818ರಲ್ಲಿ ಕೈಯಲ್ಲಿ ಬರೆದ ಪಟ್ಟಿಯೊಂದು ಉಳಿದಿದೆ. ಅದನ್ನು ಇಟ್ಟುಕೊಂಡು ವಿದ್ವಾಂಸರು ಆ ಕಪಾಟುಗಳನ್ನು ಕಂಪ್ಯೂಟರ್ ಪರದೆ ಮೇಲೆ ಮತ್ತೆ ಕಟ್ಟಿದ್ದಾರೆ. ಯಾವ ಗೋಡೆಯಲ್ಲಿ, ಯಾವ ಸಾಲಿನಲ್ಲಿ ಯಾವ ಪುಸ್ತಕ ಇತ್ತು ಅಂತ ಮನೆಯಲ್ಲೇ ಕೂತು ನೋಡಬಹುದು. ನಾನು ಒಂದು ಭಾನುವಾರ ಪೂರ್ತಿ ಅದರಲ್ಲೇ ಕಳೆದೆ.

ಚಂದಾ ಕಟ್ಟಿ ತರಿಸಿಕೊಂಡ ಅವಳ ‘ಕ್ಯಾಮಿಲ್ಲಾ’ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಆ ಕಾದಂಬರಿಯಲ್ಲಿ ಡಾಕ್ಟರ್ ಮಾರ್ಚ್‌ಮಂಟ್ ಅಂತ ಒಬ್ಬ ಇದ್ದಾನೆ. ಅವನ ಬುದ್ಧಿವಾದದಿಂದ ಪ್ರೇಮಿಗಳು ಐದು ಸಂಪುಟ ಪೂರ್ತಿ ಒದ್ದಾಡುತ್ತಾರೆ. ಕೊನೆಯ ಸಂಪುಟ ಮುಗಿಯುವ ಕಡೆ ಜೇನ್ ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿದ್ದಾಳೆ: ಈ ಪುಸ್ತಕ ಅಚ್ಚಿಗೆ ಹೋದಮೇಲೆ ಕ್ಯಾಮಿಲ್ಲಾಳ ಸುಖಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಘಟನೆ ನಡೆದಿದೆ, ಏನೆಂದರೆ ಡಾಕ್ಟರ್ ಮಾರ್ಚ್‌ಮಂಟ್ ಕೊನೆಗೂ... ಅಷ್ಟೇ. ಮುಂದೆ ಯಾವಾಗಲೋ ರಟ್ಟು ಕಟ್ಟಿದವರು ಹಾಳೆಯ ಅಂಚು ಕತ್ತರಿಸುವಾಗ ಆ ಸಾಲಿನ ಕೊನೆಯೂ ಕತ್ತರಿಸಿ ಹೋಯಿತು. ‘ಸತ್ತ’ ಅಂತಲೇ ಬರೆದಿರಬೇಕು ಅಂತ ಓದಿದವರೆಲ್ಲ ಊಹೆ ಮಾಡುತ್ತಾರೆ.